ಪಾರ್ಟಿ ಪಾರ್ಟಿ ಮಾತಾಡಬಾರದು

...ಎದ್ದದ್ದು ಎಂತಕ್ಕೆ ರತ್ನಾವತಿಯಕ್ಕ? ಕೂತ್ಕೊಳ್ಳಿ. ರಿಜಿಸ್ಟ್ರೇಶನ್ ಆಫೀಸು ಅಂದ್ರೆ ಹೀಗೇ, ನಮ್ಮ ನಂಬರ್ ಬರ್ಲಿಕ್ಕೆ ಇನ್ನೂ ಟೈಮ್ ಉಂಟು. ಚಾ ತಂದಿದ್ದೇನೆ. ಬೇಡ್ವಾ? ಸರಿ, ಇಲ್ಲಿಡ್ತೇನೆ.

ಮುಖ ಎಂತ ಹೀಗೆ? ಮನೆ ಮಾರುವ ಸಂಕಟವಾ? ನಂಗೆ ಗೊತ್ತಾಗ್ತದೆ. ಡೊಂಬಿವಲಿ ಸ್ಟೇಷನ್ ಹತ್ರದ ಮನೆ ಬಿಟ್ಟು ಅಷ್ಟು ದೂರದ ಟಿಟ್ವಾಳಾಕ್ಕೆ ಹೋಗುದಂದ್ರೆ... ಡಯಾಲಿಸಿಸ್ ದಿನ ಯಜಮಾನ್ರನ್ನು ಆ ಲೋಕಲ್ ಟ್ರೇನ್ ಹತ್ತಿಸಿ ಇಲ್ಲಿಗೇ ತರ್ಬೇಕು, ಯೋಗೀಶಣ್ಣನಿಗೆ ಕಷ್ಟವೇ. ಹತ್ರದ ಕಲ್ಯಾಣದಲ್ಲಾದ್ರೂ ನೋಡು ಭುಜಂಗ ಅಂದ್ರಿ, ನೋಡಿದೆ, ಈ ದುಡ್ಡಿಗೆ ಸಿಗುದಿಲ್ಲ. ನಿಮ್ಮದು ಹಳೇ ಬಿಲ್ಡಿಂಗು, ಲಿಫ್ಟ್ ಇಲ್ಲ, ಇದಕ್ಕಿಂತ ಜಾಸ್ತಿ ಯಾರೂ ಕೊಡುದಿಲ್ಲ. ದೇವರಾಣೆ.

ಪರ್ಸ್ ಯಾಕೆ ತೆಗೀತೀರಿ? ಬ್ರೋಕರ್ ಕಮಿಷನ್ನಾ? ಒಳಗಿಡಿ ಅಕ್ಕ. ರೂಢಿ ಉಂಟು, ಮಾರುವವರಿಂದ ಒಂದು ಪರ್ಸೆಂಟ್, ತಕೊಳ್ಳುವವರಿಂದ ಒಂದು. ನಿಮ್ಮದು ಬಿಟ್ಟಿದ್ದೇನೆ ಅಂದೆನಲ್ಲ. ಯೋಗೀಶಣ್ಣನ ಹೋಟ್ಲಲ್ಲಿ ಉಂಡು ಬೆಳೆದವ, ನಿಮ್ಮ ಹತ್ರ ಕೈ ಚಾಚ್ಲಾ? ತಕೊಳ್ಳುವವರು ಕೊಡ್ತಾರೆ, ನಂಗೆ ಅಷ್ಟೇ ಸಾಕು.

ಯಾರು, ಕಿಟಕಿ ಹತ್ರ ಕೂತವಳಾ? ಹೌದು, ಮಾನಮ್ಮ. ನಿಮ್ಮ ಮನೆ ತಕೊಳ್ಳುವ ಸಿದ್ರಾಮನ ಹೆಂಡತಿ. ಗಂಡ ಹೆಂಡತಿ ಇಬ್ರೂ ಲೋಡಿಂಗ್ ಕೆಲಸ ಮಾಡಿ... ನಿಮಗೆ ಹೇಗೆ ಗೊತ್ತು ಅವಳು?

ನಾನು ಚಾಕ್ಕೆ ಹೋದಾಗ ಮಾತಾಡಿದ್ರಾ? ಕನ್ನಡದಲ್ಲಾ?

ಹ್ಞಾ... ವಿಜಯಪುರದವರು. ನಿಮಗೆ ಹೇಳ್ಲಿಲ್ಲ, ಹೌದು. ಹೇಳಿದ್ರೆ ನೀವು ಮನೆಗೇ ಕರೀತಿದ್ರಿ. ಪಾರ್ಟಿ ಪಾರ್ಟಿ ಮಾತಾಡಿದ್ರೆ ವ್ಯಾಪಾರ ಮುರೀತದೆ ಅಕ್ಕ, ಅದಕ್ಕೇ ನಮ್ಮ ಲೈನಿನಲ್ಲಿ ಎರಡೂ ಕಡೆಯವರನ್ನು ದೂರ ಇಡುದು. ಅವರಿಗೂ ಹೇಳಿದ್ದೆ, ನಿಮಗೆ ತುಳು ಬಿಟ್ಟು ಬೇರೆ ಬರುದಿಲ್ಲ ಅಂತ.

ಎಂತ ಹೇಳಿದ್ಳು?

ಹೇಳಿ ಅಕ್ಕ. ಸರ ಮಾರಿದ್ದು ಹೇಳಿದ್ಳಾ? ನೋಡಿ, ಬಂಗಾರ ಮಾರು ಅಂತ ನಾನು ಹೇಳ್ಲಿಲ್ಲ. ಅಗ್ರಿಮೆಂಟಲ್ಲಿ ಬರೆದದ್ದು ಬಿಟ್ಟು ಮೇಲಿಂದ ಕ್ಯಾಶ್ ಬೇಕು, ಅಷ್ಟೇ ಹೇಳಿದ್ದು. ಅವಳು ಕುತ್ತಿಗೆಯ ಸರ ಮಾರ್ತಾಳೆ ಅಂತ ನಂಗೆ ಹೇಗೆ ಗೊತ್ತು? ಕೇಳಿದ್ದು ನೀವು ಅಂತ ನಿಮ್ಮ ಹೆಸರು ಹೇಳಿದ್ದು ನಿಜ. ಯಾರದ್ದಾದ್ರೂ ಹೇಳ್ಬೇಕಲ್ಲ. ಈ ಧಂದೆಯಲ್ಲಿ ಎಲ್ಲರೂ ಮೇಲಿಂದ ಸ್ವಲ್ಪ ಇಟ್ಕೊಳ್ತಾರೆ...

ಎಂತ? ಸರದ ಮಾತೇ ಆಡ್ಲಿಲ್ವಾ ಅವಳು? ಮತ್ತೆ... ಮತ್ತೆ ಇಷ್ಟು ಹೊತ್ತು ಎಂತ ಮಾತಾಡಿದ್ದು?

ಯೋಗೀಶಣ್ಣನ ವಿಷಯವಾ? ಡಯಾಲಿಸಿಸ್ ಆದ ಮೇಲೆ ನೀವು ಬಿಡುವ ಮನೆಯಲ್ಲೇ ಮಲಗ್ಲಿ, ಸುಧಾರಿಸ್ಕೊಂಡು ಟ್ರೇನ್ ಹತ್ಲಿ... ಒಂದು ಕೀ ನಿಮ್ಮ ಹತ್ರವೇ ಇರ್ಲಿ ಅಂದ್ಳಾ?

...ಅದಕ್ಕಾ ನಿಮ್ಮ ಕಣ್ಣು ತುಂಬಿದ್ದು?

ಅಕ್ಕ, ಕೂತ್ಕೊಳ್ಳಿ. ಎಲ್ಲಿ ಹೋಗ್ತೀರಿ? ಅವಳನ್ನು ಕರೀಬೇಡಿ, ಅಕ್ಕ... ನಮ್ಮ ನಂಬರ್ ಬಂತು.