ಗಂಟೆ ತಪ್ಪಿದ ಭಾನುವಾರ

ಪ್ರಿಯರೇ, ಜ್ಞಾನ ಸಾಲದವನು ದೇವರನ್ನು ಕೇಳಲಿ, ಆತ ಗದರಿಸದೆ ಕೊಡುತ್ತಾನೆ ಅಂತ ಈಗ ತಾನೇ ಓದಿದೆವು. ಓದಿದ್ದೂ ಆಯ್ತು, ‘ಆಮೆನ್’ ಅಂದದ್ದೂ ಆಯ್ತು. ಆದರೆ ಆ ಜ್ಞಾನ ಯಾವ ದಾರಿಯಲ್ಲಿ ಬರುತ್ತದೆ? ಅದಕ್ಕೊಂದು ಕಥೆ ಹೇಳ್ತೀನಿ. ಗಡಿಯಾರ ನೋಡಬೇಡಿ, ಸಣ್ಣ ಕಥೆ.

ಒಂದು ಪಟ್ಟಣದಲ್ಲಿ ಒಬ್ಬರು ಸಾಹುಕಾರರಿದ್ದರು. ದೊಡ್ಡ ಬೇಕರಿ ಅವರದು. ಹೆಸರು ಬೇಡ ಬಿಡಿ, ಹೇಳಿದರೆ ನೀವು ಕಥೆ ಬಿಟ್ಟು ಅವರ ನೆಂಟರನ್ನು ಹುಡುಕ್ತಾ ಕೂರ್ತೀರಿ. ದೇವಾಲಯದ ಸಭೆಯ ಸಮಿತಿಗೆ ಅವರೇ ಕಾರ್ಯದರ್ಶಿ. ಸತ್ಯವೇದದ ಕ್ವಿಜ್‌ನಲ್ಲಿ ಮೂರು ವರ್ಷ ಮೊದಲ ಬಹುಮಾನ. ಪ್ರಶ್ನೆ ಮುಗಿಯೋದಕ್ಕೆ ಮುಂಚೆಯೇ ಇವರ ಕೈ ಮೇಲೆ!

ಅವರ ಊಟದ ಮೇಜಿನ ಮೇಲೆ ಒಂದು ವಾಗ್ದಾನದ ಡಬ್ಬಿ. ನಿಮಗೆಲ್ಲ ಗೊತ್ತಿದೆ. ಹೊಸ ವರ್ಷದ ಆರಾಧನೆಯಲ್ಲಿ ತಟ್ಟೆಯಿಂದ ಕಣ್ಣು ಮುಚ್ಚಿ ಒಂದು ವಚನದ ಕಾರ್ಡು ಎತ್ಕೋತೀವಲ್ಲ, ಅಂಥದೇ ಕಾರ್ಡುಗಳು ಡಬ್ಬಿ ತುಂಬ. ನಾವು ವರ್ಷಕ್ಕೊಂದು ಎತ್ತಿದರೆ ಇವರು ದಿನಕ್ಕೊಂದು. ಕಾಫಿ ಬಂತು, ಡಬ್ಬಿ ಅಲ್ಲಾಡಿಸಿದರು, ಕಾರ್ಡು ತೆಗೆದರು. ಅದರಲ್ಲಿ ಏನಿದೆಯೋ ಅದೇ ಆ ದಿನದ ತೀರ್ಮಾನ. ದೇವರು ನಿನ್ನನ್ನು ಮೇಲಕ್ಕೆತ್ತುತ್ತಾನೆ ಅಂತ ಬಂದ ದಿನವೇ ಸಮಿತಿ ಚುನಾವಣೆಗೆ ನಿಂತರು. ಗೆದ್ದರು ಕೂಡ! ಇನ್ನು ಕೇಳಬೇಕೇ? ಬಂದ ಕಾರ್ಡು ಹಿಡಿಸದಿದ್ದರೆ, “ಲೇ, ಇದು ನಿನಗೆ ಬಂದಿರೋದು” ಅಂತ ಹೆಂಡತಿ ಕಡೆ ತಳ್ಳಿ ಇನ್ನೊಂದು ತೆಗೀತಿದ್ದರು. ನಗಬೇಡಿ. ನಕ್ಕವರ ಮನೆಯಲ್ಲೂ ಡಬ್ಬಿ ಇರೋದು ನಾನು ನೋಡಿದ್ದೀನಿ.

ಅವರ ಹೆಂಡತಿ ಹತ್ತಿರ ರಟ್ಟು ಕಿತ್ತುಹೋದ ಒಂದು ಹಳೇ ಸತ್ಯವೇದ ಇತ್ತು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಅದು ಮೂರು ಸಲ ಕೂಗೋದರೊಳಗೆ ಒಂದು ಅಧ್ಯಾಯ. ನೆನ್ನೆ ಎಲ್ಲಿ ಬಿಟ್ಟರೋ ಇವತ್ತು ಅಲ್ಲಿಂದಲೇ. ಬರೀ ಹೆಸರುಗಳ ಪಟ್ಟಿ ಬಂದರೂ ಹಾರಿಸೋದಿಲ್ಲ. ಆಕೆಗೆ ಯಾವ ಕ್ವಿಜ್‌ನಲ್ಲೂ ಬಹುಮಾನ ಬಂದಿರಲಿಲ್ಲ.

ಶ್ರಮಾಕಾಲ ನಡೀತಿತ್ತು, ಉಪವಾಸ ಪ್ರಾರ್ಥನೆಯ ನಲವತ್ತು ದಿನ. ಒಂದು ಭಾನುವಾರ ಆರಾಧನೆಗೆ ಕರೆಯೋ ದೇವಾಲಯದ ಮೊದಲನೇ ಗಂಟೆ ಹೊಡೆಯಲೇ ಇಲ್ಲ. ಎರಡನೇ ಗಂಟೆ ಹೊಡೀತು, ಆದರೆ ಹೇಗೆ? ಒಂದು ಏಟು. ಆಮೇಲೆ ಏನೂ ಇಲ್ಲ. ಆಮೇಲೆ ಎರಡು ಏಟು, ಅದೂ ಸೋತು ಸೋತು. ಗಂಟೆ ಹೊಡೆಯೋ ಸಮಾಧಾನಪ್ಪ ಕಾಂಪೌಂಡ್ ಗೋಡೆ ಹಿಡಿದು ತೂರಾಡ್ತಾ ಹೋಗಿದ್ದನ್ನು ಇಬ್ಬರು ಕಂಡಿದ್ದರು. ಮಾತಾಡಿಸಿದರೆ ನಾಲಿಗೆ ತೊದಲುತ್ತಿತ್ತಂತೆ.

ಇಪ್ಪತ್ತೆರಡು ವರ್ಷದಿಂದ ಗಂಟೆ ಹೊಡೀತಿದ್ದ ಮನುಷ್ಯ. ದೇವಾಲಯದ ಹಿಂದಿನ ಎರಡು ಕೋಣೆಯೇ ಅವನ ಸಂಸಾರ. ಶುರುವಿನ ವರ್ಷಗಳಲ್ಲಿ ಕುಡೀತಿದ್ದ, ನಿಜ. ಬಿಟ್ಟು ಹದಿಮೂರು ವರ್ಷ ಆಗಿತ್ತು. ಆದರೆ ನೋಡಿ, ನಮ್ಮ ಸಭೆಯವರು ವಚನ ಮರೀತಾರೆ, ಇನ್ನೊಬ್ಬರ ಹಳೇ ಪಾಪ ಮರೆಯಲ್ಲ. ಆರಾಧನೆ ಮುಗಿದು ಚಪ್ಪಲಿ ಹಾಕ್ಕೊಳ್ಳೋದರೊಳಗೆ ಸುದ್ದಿ ಹಬ್ಬಿತು: ಸಮಾಧಾನಪ್ಪ ಮತ್ತೆ ಶುರು ಮಾಡಿದ್ದಾನೆ, ಅದೂ ಶ್ರಮಾಕಾಲದಲ್ಲಿ!

ಮಂಗಳವಾರ ಸಂಜೆ ಸಮಿತಿ ಸಭೆ ಅಂತ ಆಯ್ತು. ಅವನನ್ನು ಕೆಲಸದಿಂದ ತೆಗೆದು ಮನೆ ಬಿಡಿಸೋದು. ನೋಟಿಸು ಬರೆಯಬೇಕಾದವರು ನಮ್ಮ ಸಾಹುಕಾರರೇ. ಆ ದಿನ ಬೆಳಿಗ್ಗೆ ಕಾಫಿ ಬಂತು, ಡಬ್ಬಿ ಅಲ್ಲಾಡಿಸಿದರು. ಭಯಪಡಬೇಡ, ನಿನ್ನ ಪಕ್ಕದಲ್ಲಿ ನಾನಿದ್ದೀನಿ ಅನ್ನೋ ವಾಗ್ದಾನ ಬಂತು.

“ನೋಡೇ, ಸ್ವತಃ ದೇವರೇ ಧೈರ್ಯ ಹೇಳಿದ್ದಾರೆ” ಅಂತ ಪೆನ್ನು ತೆಗೆದರು.

ಹೆಂಡತಿ ಕೇಳಿದರು, “ರೀ, ಸಮಾಧಾನಪ್ಪನ್ನ ಕೇಳಿದ್ರಾ?”

“ಕೇಳೋದೇನಿದೆ? ಕಣ್ಣಾರೆ ನೋಡಿದವರಿದ್ದಾರೆ.”

“ಸತ್ಯವೇದದಲ್ಲಿ ಆ ಯಾಜಕನೂ ಕಣ್ಣಾರೆ ನೋಡಿದ್ನಲ್ಲ ರೀ. ಆಲಯದ ಬಾಗಿಲಲ್ಲಿ ಕೂತಿದ್ದ. ಒಬ್ಬ ಹೆಂಗಸು ಮಗು ಬೇಕು ಅಂತ ಅಳ್ತಾ ಪ್ರಾರ್ಥನೆ ಮಾಡ್ತಿದ್ಲು. ತುಟಿ ಮಾತ್ರ ಅಲ್ಲಾಡ್ತಿತ್ತು, ಸದ್ದಿಲ್ಲ. ಅವನು ಏನಂದುಕೊಂಡ? ಕುಡಿದಿದ್ದಾಳೆ ಅಂದುಕೊಂಡ. ನೀವು ಭಾನುವಾರ ಬಂದು ಸುದ್ದಿ ಹೇಳಿದಾಗಿನಿಂದ ನನಗೆ ಅವಳದೇ ನೆನಪು.”

ಸಾಹುಕಾರರ ಪೆನ್ನು ನಿಂತಿತು. ಯಾಕೆ ಗೊತ್ತಾ? ಎರಡು ವರ್ಷದ ಹಿಂದೆ ಕ್ವಿಜ್‌ನಲ್ಲಿ ಕೊನೇ ಪ್ರಶ್ನೆ ಅದೇ. ಕುಡಿದವಳೆಂದು ಯಾಜಕನು ತಪ್ಪು ತಿಳಿದ ಸ್ತ್ರೀ ಯಾರು? ಇವರೇ ಉತ್ತರ ಹೇಳಿ ಗೆದ್ದಿದ್ದರು. ಉತ್ತರ ಗೊತ್ತಿತ್ತು, ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ.

ಹೆಂಡತಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. “ಇದರಲ್ಲಿ, ‘ನೀನು ಹೀಗೆ ಮಾಡು’ ಅಂತ ನಿಮಗೆ ಹೇಳೋ ಒಂದು ಕಾರ್ಡು ಹುಡುಕಿ ಕೊಡಿ ನೋಡೋಣ.”

ಹುಡುಕಿದರು. ಕೊಡುತ್ತೇನೆ, ಕಾಯುತ್ತೇನೆ, ಹೆಚ್ಚಿಸುತ್ತೇನೆ. ಎಲ್ಲ ದೇವರ ಮಾತೇ, ಒಂದೂ ಸುಳ್ಳಲ್ಲ. ಆದರೆ ವಿಚಾರಿಸು, ಕ್ಷಮಿಸು, ನಿನ್ನ ನಾಲಿಗೆ ಹಿಡಿ ಅನ್ನೋದು ಒಂದೂ ಇಲ್ಲ. ಕಾರ್ಡು ಅಚ್ಚು ಹಾಕಿದವರು ಸಿಹಿ ಮಾತ್ರ ಆರಿಸಿದ್ದರು. ಬೇಕರಿಯವರಿಗೆ ಅದು ಬೇಗ ಅರ್ಥ ಆಯ್ತು.

ಎದ್ದು ದೇವಾಲಯದ ಹಿಂದಿನ ಕೋಣೆಗೆ ಹೋದರು. ಅಲ್ಲಿ ಸಮಾಧಾನಪ್ಪನ ಹೆಂಡತಿ ಆಗಲೇ ಪಾತ್ರೆ ಮೂಟೆ ಕಟ್ತಿದ್ದಳು. ಅವನು ಗಂಟೆಗೂಡಿನ ಬೀಗದ ಕೈ ತಂದು ಚಾಚಿದ. ಸಾಹುಕಾರರು ತಗೊಳ್ಳಲಿಲ್ಲ. “ಸಮಾಧಾನಪ್ಪ, ಆವತ್ತು ಏನಾಯ್ತು ಹೇಳಪ್ಪ” ಅಂದರು.

ಅವನು ಗಳಗಳ ಅತ್ತುಬಿಟ್ಟ. “ಮೂರು ದಿನದಿಂದ ಎಲ್ರೂ ಹೇಳಿದ್ರು ಸ್ವಾಮಿ, ಯಾರೂ ಕೇಳ್ಲಿಲ್ಲ. ಕುಡಿಯೋದು ಬಿಡ್ಸಿದ ದೇವ್ರಿಗೆ ಕೃತಜ್ಞತೆ ಅಂತ ಶ್ರಮಾಕಾಲದಲ್ಲಿ ಶನಿವಾರ ಪೂರ್ತಿ, ಭಾನುವಾರ ಆರಾಧನೆ ಮುಗಿಯೋಗಂಟ ನಾನು ಅನ್ನ ಮುಟ್ಟಲ್ಲ. ಈಗ ಶುಗರ್ ಬಂದದೆ. ಬರೀ ಹೊಟ್ಟೇಲಿ ಮಾತ್ರೆ ನುಂಗಿಬಿಟ್ಟೆ. ಕಣ್ಣು ಕತ್ತಲೆ ಬಂತು, ಕೈಕಾಲು ಆಡ್ಲಿಲ್ಲ. ಒಂದು ಗಂಟೆ ತಪ್ಪೋಯ್ತು, ಇನ್ನೊಂದು ತಪ್ಪಬಾರದು ಅಂತ ಗೋಡೆ ಹಿಡ್ಕೊಂಡು ಹೋದೆ.” ಅವನ ಹೆಂಡತಿ ಸೆರಗಿನ ಗಂಟು ಬಿಚ್ಚಿ ಭಾನುವಾರ ಮಧ್ಯಾಹ್ನದ ಡಾಕ್ಟರ ಚೀಟಿ ತೋರಿಸಿದಳು.

ಕೇಳಿದಿರಾ? ಕುಡಿತ ಬಿಟ್ಟದ್ದಕ್ಕೆ ಸ್ತೋತ್ರ ಹೇಳಿ ಉಪವಾಸ ಇದ್ದವನನ್ನು ಕುಡುಕ ಅಂದರು. ಅಂದವರೆಲ್ಲ ಆರಾಧನೆಯಿಂದ ಎದ್ದು ಬಂದವರೇ!

ಸಂಜೆ ಸಾಹುಕಾರರು ಸಮಿತಿಯ ಮುಂದೆ ನಿಂತು, “ನಾನು ವಿಚಾರಿಸದೆ ತೀರ್ಪು ಬರೆಯೋಕೆ ಕೂತಿದ್ದೆ, ನನ್ನನ್ನು ಕ್ಷಮಿಸಿ” ಅಂದರು. ಮುಂದಿನ ಭಾನುವಾರ ಆರೂವರೆಗೇ ಬಂದರು. ಕೈಯಲ್ಲಿ ಬಿಸಿ ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ. “ಉಪವಾಸ ನಾನು ಮಾಡ್ತೀನಿ, ನೀನು ಮೊದಲು ತಿನ್ನು, ಆಮೇಲೆ ಹಗ್ಗ ಹಿಡಿ” ಅಂತ ಎದುರಿಗೇ ಕೂತು ತಿನ್ನಿಸಿದರು. ಆವತ್ತು ಗಂಟೆ ಊರಿಗೆಲ್ಲ ಕೇಳಿಸಿತು.

ಈಗ ನಮ್ಮ ವಿಷಯಕ್ಕೆ ಬನ್ನಿ. ಬೆಳಿಗ್ಗೆ ಎದ್ದು ಹೂವಿನ ಚಿತ್ರದ ಮೇಲೆ ಒಂದು ವಚನ, ನೂರು ಜನಕ್ಕೆ ವಾಟ್ಸಾಪ್‌ನಲ್ಲಿ ಕಳಿಸ್ತೀವಿ. ಅದು ನಮ್ಮ ಡಬ್ಬಿ. ಅದೇ ಫೋನಿನಲ್ಲಿ ಹತ್ತು ನಿಮಿಷದಲ್ಲಿ ಇನ್ನೊಬ್ಬರ ಮೇಲೆ ಚಾಡಿ. ವಾಗ್ದಾನ ಬೇಡ ಅಂತ ನಾನು ಹೇಳ್ತಿಲ್ಲ. ಇಡೀ ಅಧ್ಯಾಯ ಓದಿ ಅಂತ ಹೇಳ್ತಿದ್ದೀನಿ. ಕ್ರಮವಾಗಿ, ದಿನಕ್ಕೊಂದು, ಕುಕ್ಕರ್ ಕೂಗೋದರೊಳಗೆ. ಓದಿದ ಮೇಲೆ, ‘ಕರ್ತನೇ, ಇದರಲ್ಲಿ ನಾನು ಯಾರು?’ ಅಂತ ಕೇಳಿ. ಆ ಹೆಂಗಸಿನ ಕಥೆ ಓದಿದಾಗೆಲ್ಲ ನಾವು ಅಳುತ್ತಿರುವವಳ ಜಾಗದಲ್ಲೇ ಕೂರ್ತೀವಿ. ಬಾಗಿಲಲ್ಲಿ ಕೂತ ಯಾಜಕನ ಕುರ್ಚಿ ಖಾಲಿ ಬಿಡ್ತೀವಿ. ಅದು ನಮ್ಮದೇ ಇರಬಹುದು, ಅಲ್ವಾ? ಆಕೆಯ ಹೆಸರು ನಾನು ಹೇಳಲ್ಲ. ಮನೆಗೆ ಹೋಗಿ, ಪುಟ ತಿರುಗಿಸಿ, ನೀವೇ ಹುಡುಕಿ. ಈ ವಾರ ನೀವು ಯಾರ ಬಗ್ಗೆ ಏನು ಕೇಳಿದ್ದೀರೋ, ಅದನ್ನು ಮೂರನೆಯವರಿಗೆ ದಾಟಿಸೋಕೆ ಮುಂಚೆ ಆ ಮನುಷ್ಯರ ಮನೆಗೆ ಹೋಗಿ, ‘ಏನಾಯ್ತಪ್ಪ’ ಅಂತ ಕೇಳಿ.

ಕೊನೇ ಮಾತು. ಇವತ್ತು ಬೆಳಿಗ್ಗೆ ನಮ್ಮ ಗಂಟೆ ಸರಿಯಾಗಿ ಹೊಡೀತು. ಎಲ್ಲರೂ ಕೇಳಿಸಿಕೊಂಡು ಬಂದಿರಿ. ಹೊಡೆದವರು ತಿಂಡಿ ತಿಂದಿದ್ದಾರಾ ಅಂತ ಕೇಳಿದವರು ಕೈ ಎತ್ತಿ.

ಒಬ್ಬರೂ ಇಲ್ಲ. ನನ್ನ ಕೈಯೂ ಮೇಲೆ ಹೋಗಿಲ್ಲ. ಬನ್ನಿ, ಮೊದಲು ಪ್ರಾರ್ಥನೆ ಮಾಡೋಣ, ಆಮೇಲೆ ಹೋಗಿ ಕೇಳೋಣ.