ಹನ್ನೊಂದು ದಿನದ ವಾಸ

ವಕೀಲರ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ದರ್ಜಿಯೂ ಅವನ ಅಕ್ಕನೂ ಕುಳಿತಿದ್ದರು. ಅವನ ತೊಡೆಯ ಮೇಲಿದ್ದ ವಿಚ್ಛೇದನದ ಅರ್ಜಿಯಲ್ಲಿ ಸಹಿಯ ಸ್ಥಳವೊಂದೇ ಬರಿದಾಗಿತ್ತು.

“ಅಕ್ಕಾ, ‘ಒಂದು ವರ್ಷದಿಂದ ಪ್ರತ್ಯೇಕ ವಾಸ’ ಅಂತ ಬರೆದಿದ್ದಾರೆ.”

“ಸರಿಯಾಗೇ ಇದೆ. ಅವಳು ತವರಿಗೆ ಹೋಗಿ ಹದಿನಾಲ್ಕು ತಿಂಗಳಾಯ್ತಲ್ಲ.”

“ನಡುವೆ ನನ್ನ ಬಲಗೈ ಮುರಿದಾಗ ಬಂದು ಹನ್ನೊಂದು ದಿನ ಇದ್ದಳು.”

“ತುತ್ತು ತಿನ್ನಿಸಿ ಹೋದಳು. ಅದೂ ಒಂದು ವಾಸವೇನೋ?”

“ಅಂಗಿ ಗುಂಡಿ ಹಾಕಿದ್ದೂ ಅವಳೇ. ಊರಿಗೆಲ್ಲ ಗುಂಡಿ ಹೊಲಿಯೋ ನನಗೆ!”

“ವಕೀಲರ ಹತ್ತಿರ ಬಾಯಿ ಬಿಡಬೇಡ. ವರ್ಷ ಮತ್ತೆ ಮೊದಲಿಂದ ಎಣಿಸಿದರೆ?”

“ಅವಳೂ ಅದನ್ನೇ ಅಂದಳು. ‘ನಾನು ಬಂದದ್ದು ಹೇಳಬೇಡಿ, ನಿಮಗೇ ತಡ ಆಗುತ್ತೆ’ ಅಂತ. ಬಿಡುಗಡೆ ಬೇಕು ಅಂತ ಹಟ ಹಿಡಿದವನು ನಾನು, ಅಕ್ಕಾ.”

“ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತೀಯಾ? ಸುಮ್ಮನೆ ಸಹಿ ಹಾಕು.”

ಅವನು ಬಲಗೈ ಬೆರಳುಗಳನ್ನು ಮೆಲ್ಲನೆ ಮಡಿಸಿ ಬಿಡಿಸಿದನು. ಅಷ್ಟರಲ್ಲಿ ಗುಮಾಸ್ತರು ಒಳಗೆ ಕರೆದರು.

“ಹೇಳಿಬಿಡ್ತೀನಿ ಅಕ್ಕಾ. ತಡ ಆದರೆ ಆಗಲಿ. ಸಹಿ ಹಾಕಬೇಕಾದ್ದೂ ಇದೇ ಕೈಯಲ್ಲೇ ಅಲ್ವಾ?”

ಅಕ್ಕ ಎದ್ದು ಅವನ ಹಿಂದೆ ನಡೆದಳು.