ನಾಲ್ಕು ಡಿಸ್ಕು, ಬರೀ ಪ್ರೇಮಗೀತೆ

...ಅಷ್ಟೇನೂ ಜೋರಿಲ್ಲ ಕಣೇ, ಇರಲಿ ಬಿಡು. ಇಂಥಾ ಹಾಡಿಗೆ ದನಿ ತಗ್ಗಿಸಿದ್ರೆ ಪಾಪ ಬರುತ್ತೆ. ಮೊದಲು ಆ ಖಾಲಿ ರಟ್ಟಿನ ಡಬ್ಬಗಳನ್ನ ಬಾಗಿಲ ಹತ್ರ ಇಟ್ಟು ಕೂತ್ಕೋ, ಚಾರ್ಲೀನ್. ಅಟ್ಲಾಂಟಾದಿಂದ ಶಿಕಾಗೊವರೆಗೆ ಒಬ್ಬಳೇ ಕಾರು ಓಡಿಸ್ಕೊಂಡು ಬಂದಿದೀಯ. ನನ್ನ ಸಾಮಾನು ಕಟ್ಟಿ ನಿನ್ನ ಮನೆಗೆ ಸಾಗಿಸೋದನ್ನ ಊಟ ಆದ್ಮೇಲೆ ನೋಡೋಣ. ಮೀನಿಗೆ ಜೋಳದ ಹಿಟ್ಟು ಹಚ್ಚಿಟ್ಟಿದೀನಿ, ಎಣ್ಣೆ ಕಾಯ್ತಿದೆ.

ಇದಾ? ಹಳೇ ಸೋಲ್ ಸಂಗೀತ, ನಮ್ಮ ಕಾಲದ ಹಾಡುಗಳು. ನಾಲ್ಕು ಡಿಸ್ಕು, ಬರೀ ಪ್ರೇಮಗೀತೆ. ನೀನಿನ್ನೂ ತೊಟ್ಟಿಲಲ್ಲಿದ್ದಾಗಿನವು. ಟೀವೀ ಜಾಹೀರಾತಲ್ಲಿ ತೋರಿಸ್ತಾರಲ್ಲ, ಬೆಂಕಿಗೂಡಿನ ಮುಂದೆ ಒಂದು ಜೋಡಿ ಅಂಟ್ಕೊಂಡು ಕೂತಿರುತ್ತೆ, ಹಾಡಿನ ಹೆಸರುಗಳು ಕೆಳಗಿಂದ ಮೇಲಕ್ಕೆ ಹೋಗ್ತಾ ಇರ್ತವೆ... ಅದೇ. ನಿಮ್ಮಪ್ಪನ ನೆನಪಿಗೆ ಅಂತ ತರಿಸ್ಕೊಂಡೆ. ಎಲ್ಲಾ ನಾವಿಬ್ರೂ ಕುಣಿದ ಹಾಡುಗಳು.

ಯಾಕೆ ನಗ್ತೀಯ?

ಸರಿ, ಸರಿ. ಅವರು ಕುಣೀತಿರಲಿಲ್ಲ. ಗೋಡೆಗೆ ಒರಗಿಕೊಂಡು, ಒಂದು ಕೈಲಿ ತಿಂಡಿ ತಟ್ಟೆ, ಇನ್ನೊಂದು ಕೈಲಿ ನನ್ನ ಪರ್ಸು ಹಿಡ್ಕೊಂಡು ನಿಂತಿರೋರು. ನಾನು ನಿಮ್ಮ ಚಿಕ್ಕಮ್ಮನ ಜೊತೆ ಕುಣೀತಿದ್ದೆ. ಮನೆಗೆ ಬರೋವಾಗ ಮಾತ್ರ, ಅಲ್ಲಿದ್ದವರಲ್ಲೆಲ್ಲ ನೀನೇ ಚೆನ್ನಾಗಿ ಕುಣಿದೆ ಅಂತ ತಪ್ಪದೆ ಹೇಳೋರು. ಒಳ್ಳೆ ಮನುಷ್ಯ ಅಲಾಂಜೊ. ತೀರಿಹೋಗಿ ಆರು ವರ್ಷ ಆಯ್ತು, ಪರ್ಸು ಹಿಡಿಯೋ ಕೈ ಇಲ್ದೆ ನಾನು ಎಲ್ಲಿಗೂ ಹೋಗ್ಲೇ ಇಲ್ಲ.

ಏನು, ಪ್ಲೇಯರಾ? ಅದು... ಚರ್ಚಿನವರದು. ಅಂದ್ರೆ ಚರ್ಚಿಗೆ ಬರೋ ಒಬ್ಬರದು. ಮಿಸ್ಟರ್ ಗ್ರೇಡಿ ಅಂತ. ಸಿಟಿ ಬಸ್ ಓಡಿಸ್ತಿದ್ರು, ಈಗ ನಿವೃತ್ತಿ. ಪ್ರಾರ್ಥನೆ ಹಾಡೋವಾಗ ನನ್ನ ಹಿಂದಿನ ಸಾಲಲ್ಲಿ ನಿಲ್ತಾರೆ. ಡಿಸ್ಕುಗಳೂ ಅವರೇ ಕೊಟ್ಟಿದ್ದು. ಟೀವೀಲಿ ನೋಡಿದ್ದು ನಾನು, ತರಿಸಿದ್ದು ಅವರು. ಏನು ದೊಡ್ಡ ವ್ಯತ್ಯಾಸ?

ಹಾಗೆ ಹುಬ್ಬು ಏರಿಸ್ಬೇಡ. ಕೇಳು.

ಹೋದ ಚಳಿಗಾಲ ಚರ್ಚಿನ ನೆಲಮಾಳಿಗೇಲಿ ನಮ್ಮಂಥ ವಯಸ್ಸಾದವರಿಗೆ ಅಂತ ಒಂದು ಕೂಟ ಇಟ್ಟಿದ್ರು. ಇವೇ ಹಾಡುಗಳನ್ನ ಹಾಕಿದ್ರು. ನಾನು ಕೋಟು ತೊಟ್ಟು ಹೊರಡೋಕೆ ನಿಂತಿದ್ದೆ. ಆಗ ಇವರು ಬಂದು ಕೈ ಚಾಚಿದ್ರು. ನನ್ನ ಮಂಡಿ ಸರಿಯಿಲ್ಲ ಅಂದೆ. 'ನಂದೂ ಇಲ್ಲ. ನಿಧಾನದ ಹಾಡು ಬರ್ಲಿ ಅಂತ ಆಗ್ಲಿಂದ ಕಾಯ್ತಿದೀನಿ' ಅಂದ್ರು.

ಕೈ ಹಿಡ್ಕೊಂಡು ಹಾಡು ಮುಗಿಯೋವರೆಗೂ ಕುಣಿದ್ವಿ. ಆ ಹಾಡುಗಾರ, ಬಿಟ್ಟುಹೋಗ್ಬೇಡ ಅಂತ ಗೋಗರೀತಿದ್ದ. ಮಾತೆಲ್ಲ ಅವನಿಗೇ ಬಿಟ್ವಿ. ನನಗೆ ಅಳು ಬಂತು ಕಣೇ... ದುಃಖಕ್ಕಲ್ಲ. ನನ್ನ ಬೆನ್ನ ಮೇಲೆ ಯಾರಾದ್ರೂ ಕೈ ಇಟ್ಟು ಎಷ್ಟು ಕಾಲ ಆಗಿತ್ತು ಅಂತ ಆಗ ಗೊತ್ತಾಯ್ತು. ಡಾಕ್ಟ್ರನ್ನ ಬಿಟ್ರೆ.

ಅಪ್ಪನ ಫೋಟೋ ಹುಡುಕ್ತಿದೀಯಾ? ಅಲ್ಲೇ ಇದೆ, ದೀಪದ ಪಕ್ಕ. ಒಳಗೆ ತೆಗೆದಿಡ್ಲಾ ಅಂತ ನಾನೇ ಕೇಳಿದ್ದೆ. ಹೊರೇಸ್ ಒಪ್ಪಲಿಲ್ಲ. 'ಇದು ಮೊದಲು ಅವರ ಮನೆ, ಅವರ ಕಣ್ಣೆದುರೇ ನಾನು ನೆಟ್ಟಗೆ ಬಾಳ್ಬೇಕು' ಅಂದ್ರು.

...ಹೊರೇಸ್ ಅಂದೆನಾ ನಾನು? ಮಿಸ್ಟರ್ ಗ್ರೇಡಿ.

ಚಾರ್ಲೀನ್?

ಎರಡು ಬೈಗುಳ ಬೈದುಬಿಡು, ತಡ್ಕೋತೀನಿ. ಹೀಗೆ ನನ್ನ ಎಡಗೈನೇ ನೋಡ್ತಾ ಕೂರಬೇಡ. ಹಿಟ್ಟು ಮೆತ್ಕೊಂಡಿದೆ, ಉಂಗುರ ಕಾಣಲ್ಲ ಅಂದ್ಕೊಂಡಿದ್ದೆ.

ಹೌದು. ಹೋದ ಶುಕ್ರವಾರ, ಸಿಟಿ ಹಾಲಲ್ಲಿ ಮದುವೆ ಆದ್ವಿ. ಫೋನಲ್ಲಿ 'ಬರ್ತೀನಿ ಮಗಳೇ, ಬರ್ತೀನಿ' ಅಂತಾನೇ ಇದ್ದೆ. ನೀನು ನನಗೋಸ್ಕರ ಕೋಣೆಗೆ ಬಣ್ಣ ಹೊಡೆಸಿದೀಯ... ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ. ನಾನು ಅಟ್ಲಾಂಟಾದಲ್ಲಿ ಇರೋಕೆ ಬರಲ್ಲ ಕಣೇ. ನೋಡೋಕೆ ಬರ್ತೀನಿ. ಇಬ್ರೂ ಬರ್ತೀವಿ, ನೀನು ಸೇರಿಸಿದ್ರೆ.

ಎಲ್ಲಿಗೆ ಎದ್ದೆ? ಅವರ ಮೇಲೆ ಕೂಗಾಡ್ಬೇಡ, ಬೀದಿ ಕೊನೇಲಿ ಕಾರಲ್ಲಿ ಕೂತಿದಾರೆ. ಕರೆಯೋವರೆಗೂ ಬರಬೇಡಿ ಅಂತ ನಾನೇ ಕೂರಿಸಿರೋದು.

ಓ... ಅಡುಗೆಮನೆಗಾ.

ಮೂರನೇದಕ್ಕೆ ಆ ತಟ್ಟೆ ಬೇಡ ಮಗಳೇ, ಅಂಚು ಒಡೆದಿದೆ. ಮೇಲಿನ ಗೂಡಲ್ಲಿ ನೀಲಿ ತಟ್ಟೆ ಇದೆ ನೋಡು, ಅದನ್ನ ಇಡು ಅವರಿಗೆ.